ಏರ್‌ಕಂಡೀಷನರಿನ ಆರೈಕೆ

ನಮ್ಮ ಹುಡುಗಿಯರು ಮನೆಯ ಯಂತ್ರಗಳಿಗೆ ಬೆದರಲೂಬಾರದು, ಅವನ್ನು ಕೆಣಕಲೂಬಾರದು ಎಂಬುದೇ ನನ್ನ ಬಹುದಿನದ ಆಶಯವು. ಬೇಸಗೆಯಲ್ಲಿ ಏರ್‌ಕಂಡೀಷನರಿನ ತಂಪು ಕುಗ್ಗಿದರೆ ನಾನು ಒಡನೆಯೇ ಮೆಕ್ಯಾನಿಕನಿಗೆ ಹೇಳಿಕಳುಹಿಸುವುದಿಲ್ಲ. ರಿಮೋಟಿನಿಂದ ನಿಲ್ಲಿಸಿದ್ದು ಸಾಲದೆಂದು ಗೋಡೆಯ ಎಂ.ಸಿ.ಬಿ.ಯನ್ನೇ ಇಳಿಸಿ, ಮುಂಬದಿಯ ಮುಚ್ಚಳವನ್ನೆತ್ತಿ ಜಾಲರಿಯನ್ನು ಹೊರತೆಗೆಯುವೆನು. ಹತ್ತಿಯಂತೆ ಕವಿದ ಧೂಳನ್ನು ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ ಕೂಡಿಸಿದರೆ ಎಷ್ಟೋ ಸಲ ತಂಪು ಮರಳುವುದು.

ಹೊರಗಿನ ಪೆಟ್ಟಿಗೆಯ ಮಾತು ಬೇರೆ. ಅದರೊಳಗಿನ ಕೆಪ್ಯಾಸಿಟರು ವಿದ್ಯುತ್ತನ್ನು ನಿಲ್ಲಿಸಿದ ಮೇಲೂ ಅದನ್ನು ಹಿಡಿದಿಟ್ಟುಕೊಂಡಿರುವುದು. ಮುಟ್ಟಿದರೆ ಪ್ರಾಣಕ್ಕೇ ಅಪಾಯವು. ಅನಿಲವಾದರೋ, ಇಂದಿನ ಹಲವು ಯಂತ್ರಗಳಲ್ಲಿರುವ ಆರ್-32 ಎಂಬುದು ಬೆಂಕಿ ಹತ್ತುವಂಥದು. ಅದು ಎಣ್ಣೆಯಂತೆ ಉರಿದು ತೀರುವ ವಸ್ತುವಲ್ಲ; ಕಡಿಮೆಯಾಯಿತೆಂದರೆ ಎಲ್ಲಿಯೋ ಸೋರಿದೆಯೆಂದೇ ತಿಳಿಯಬೇಕು. ವರುಷವರುಷವೂ ಅನಿಲ ತುಂಬಿ ಹಣ ಎಣಿಸಿಕೊಳ್ಳುವವನನ್ನು ಸಂಕೋಚವಿಲ್ಲದೆ ಕೇಳಿರಿ: ತೂತು ಎಲ್ಲಿದೆಯಪ್ಪಾ?