ಕಂದೀಲಿನ ಗಾಜು

ಕಳೆದ ತಿಂಗಳು ನನ್ನ ಮೊಮ್ಮಗ ಪಾನಕ ಮಾಡುತ್ತೇನೆಂದು ಫ್ರಿಜ್ಜಿನಲ್ಲಿದ್ದ ಗಾಜಿನ ಜಗ್ಗನ್ನು ತೆಗೆದು, ಬೆಲ್ಲ ಬೇಗ ಕರಗಲಿ ಎಂದು ಅದಕ್ಕೆ ಕುದಿಯುವ ನೀರು ಸುರಿದ. 'ಟಪ್' ಎಂದು ಸದ್ದಾಯಿತು. ಜಗ್ಗಿನ ತಳವೇ ಕಳಚಿಬಂತು. ಪುಣ್ಯಕ್ಕೆ ಬಿಸಿನೀರು ಅವನ ಮೈಮೇಲೆ ಬೀಳಲಿಲ್ಲ.

"ನಾನು ಬೀಳಿಸಲಿಲ್ಲ ಅಜ್ಜಾ, ತಾನೇ ಒಡೀತು" ಎಂದು ಅಳುಮೋರೆ ಮಾಡಿದ. ಮನೆಯಲ್ಲಿ ಯಾರೂ ನಂಬಲಿಲ್ಲ. ನಾನು ನಂಬಿದೆ. ಅದಕ್ಕೆ ಅರವತ್ತು ವರ್ಷದ ಹಿಂದಿನ ಕಾರಣವೊಂದಿತ್ತು.

ನಾನು ಹುಟ್ಟಿ ಬೆಳೆದದ್ದು ಗಜೇಂದ್ರಗಡದ ಸಮೀಪದ ಮುಶಿಗೇರಿಯಲ್ಲಿ. ಆಗ ಗದಗ ಜಿಲ್ಲೆ ಇರಲಿಲ್ಲ, ನಮ್ಮದು ಧಾರವಾಡ ಜಿಲ್ಲೆ. ಮನೆಗೆ ಕರೆಂಟು ಬಂದಿರಲಿಲ್ಲ. ಇದ್ದದ್ದು ಒಂದೇ ಕಂದೀಲು. ದಿನಾ ಸಂಜೆ ಅದರ ಗಾಜನ್ನು ಬೂದಿ ಹಚ್ಚಿ ತಿಕ್ಕಿ, ತೊಳೆದು, ಒರೆಸಿಡುವುದು ನನ್ನ ತಂಗಿಯ ಕೆಲಸ.

ನನ್ನ ಮುಲ್ಕಿ ಪರೀಕ್ಷೆಗೆ ಎಂಟು ದಿನ ಉಳಿದಿತ್ತು. ಬೆಳಕು ಹೆಚ್ಚಾಗಲಿ ಎಂದು ನಾನು ಬತ್ತಿಯನ್ನು ಏರಿಸಿದೆ. ಗಾಜಿಗೆ ಮಸಿ ಹಿಡಿಯಿತು. ಉರಿಯುತ್ತಿದ್ದ ಕಂದೀಲಿನ ಗಾಜನ್ನೇ ಹಸಿ ಅರಿವೆಯಿಂದ ಒರೆಸಲು ಹೋದೆ. ಅರಿವೆ ತಾಗಿದ್ದೇ ತಡ, ಗಾಜು ಸೀಳಿ ಎರಡಾಯಿತು.

ಅಪ್ಪ ಬಂದು "ಕಾಚು ಒಡದವರ‍್ಯಾರು?" ಎಂದ. "ತಂಗಿ ಸರಿಯಾಗಿ ಒರಸಿರಲಿಲ್ಲ" ಎಂದುಬಿಟ್ಟೆ. ಅವಳಿಗೆ ಏಟು ಬಿತ್ತು. "ಇನ್ನ ಕಂದೀಲಿನ ಹತ್ರ ಬರಬ್ಯಾಡ" ಎಂಬ ಅಪ್ಪಣೆಯೂ ಆಯಿತು. ಸಂತೆಯಿಂದ ಹೊಸ ಗಾಜು ಬಂದ ಮೇಲೂ ಅವಳು ಬಾಗಿಲಲ್ಲಿ ಕೂತು ಕತ್ತಲಾಗುವ ತನಕ ಓದಿ, ಪುಸ್ತಕ ಮುಚ್ಚಿಡುತ್ತಿದ್ದಳು. ಮರುವರ್ಷ ಶಾಲೆ ಬಿಟ್ಟಳು. ಅದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೂ ಆ ಗಾಜು ನನ್ನ ಮನಸ್ಸಿನಿಂದ ಹೋಗಲಿಲ್ಲ.

ನಾನು ಓದಿದ್ದು ಬಿ.ಕಾಂ., ಜೀವಮಾನವೆಲ್ಲ ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ಗಾಜಿನ ಸಂಗತಿ ಗೊತ್ತಾದದ್ದು ನಿವೃತ್ತಿಯ ನಂತರ, ಪುಸ್ತಕ ಓದಿ. ಬಿಸಿಯಾದರೆ ಗಾಜು ಹಿಗ್ಗುತ್ತದೆ, ತಣ್ಣಗಾದರೆ ಕುಗ್ಗುತ್ತದೆ. ಆದರೆ ಅದರಲ್ಲಿ ಶಾಖ ಬಹಳ ನಿಧಾನವಾಗಿ ಹರಿಯುತ್ತದೆ. ತಣ್ಣನೆಯ ಜಗ್ಗಿಗೆ ಕುದಿನೀರು ಸುರಿದಾಗ ಒಳಮೈ ತಕ್ಷಣ ಹಿಗ್ಗುತ್ತದೆ, ಹೊರಮೈಗೆ ಇನ್ನೂ ಸುದ್ದಿಯೇ ಮುಟ್ಟಿರುವುದಿಲ್ಲ. ಒಳಗಿನದು ಹೊರಗಿನದನ್ನು ಜಗ್ಗುತ್ತದೆ. ಗಾಜು ಒತ್ತಡವನ್ನು ತಡೆದೀತು, ಜಗ್ಗಾಟವನ್ನು ತಾಳದು. ಕಣ್ಣಿಗೆ ಕಾಣದ ಒಂದು ಗೀರು ಇದ್ದರೂ ಸಾಕು, ಅಲ್ಲಿಂದಲೇ ಸೀಳು ಓಡುತ್ತದೆ. ಕಾದ ಗಾಜಿಗೆ ಹಸಿ ಅರಿವೆ ತಾಗಿದರೆ ಮೇಲ್ಮೈ ತಟ್ಟನೆ ಕುಗ್ಗಲು ನೋಡುತ್ತದೆ, ಉಳಿದ ಭಾಗ ಬಿಡುವುದಿಲ್ಲ. ಎರಡು ಕಡೆಯ ಲೆಕ್ಕ ತಾಳೆಯಾಗಲು ಸಮಯ ಸಿಗದಿದ್ದರೆ ಗಾಜು ಒಡೆಯುತ್ತದೆ.

ದಪ್ಪ ಗಾಜು ಗಟ್ಟಿ ಎಂದು ನಾವು ತಿಳಿಯುತ್ತೇವೆ. ಬಿಸಿಯ ವಿಷಯದಲ್ಲಿ ಅದೇ ಹೆಚ್ಚು ಅಪಾಯ. ತೆಳು ಗಾಜಿನಲ್ಲಿ ಶಾಖ ಬೇಗ ಆಚೆ ತಲುಪುತ್ತದೆ. ಒಂದು ಮೀಟರ್ ಉದ್ದದ ಸಾಧಾರಣ ಗಾಜಿನ ಕಡ್ಡಿಯನ್ನು 100 ಡಿಗ್ರಿಯಷ್ಟು ಹೆಚ್ಚು ಕಾಯಿಸಿದರೆ ಅದು ಸುಮಾರು 0.9 ಮಿಲಿಮೀಟರ್ ಬೆಳೆಯುತ್ತದೆ. ಬೋರಾನ್ ಬೆರೆಸಿದ ಬೋರೋಸಿಲಿಕೇಟ್ ಗಾಜು ಬೆಳೆಯುವುದು ಅದರ ಮೂರನೇ ಒಂದು ಪಾಲು ಮಾತ್ರ. ಜರ್ಮನಿಯ ಆಟೋ ಶಾಟ್ 19ನೇ ಶತಮಾನದ ಕೊನೆಯಲ್ಲಿ ಇಂಥ ಗಾಜನ್ನು ತಯಾರಿಸಿದರು. ನಿಮ್ಮ ಶಾಲೆಯ ಪ್ರಯೋಗಾಲಯದ ಬೀಕರ್ ಬಿಸಿ ತಡೆಯುವುದು ಇದರಿಂದಲೇ.

ಇಷ್ಟನ್ನೂ ಮೊಮ್ಮಗನಿಗೆ ಹೇಳಿ, ಅಂದು ಸಂಜೆ ತಂಗಿಗೆ ಫೋನ್ ಮಾಡಿದೆ. "ಆ ಕಾಚು ಒಡದಾಂವ ನಾನs ಇದ್ದೆ" ಎಂದೆ.

"ನನಗ ಅವತ್ತs ಗೊತ್ತಿತ್ತೋ ಅಣ್ಣಾ. ನಿನ್ನ ಕೈಯಾಗ ಹಸಿ ಅರಿವಿ ನೋಡಿದ್ನಿ."

"ಮತ್ತ ಅಪ್ಪಗ ಯಾಕ ಹೇಳಲಿಲ್ಲ?"

"ನಿಂದು ಪರೀಕ್ಷಾ ಇತ್ತಲ್ಲ. ನಿನಗ ಬಡದಿದ್ರ ಓದು ಕೆಡತಿತ್ತು."

ನನಗೆ ಮುಂದೆ ಮಾತು ಹೊರಡಲಿಲ್ಲ.

ಮಕ್ಕಳೇ, ತಣ್ಣನೆಯ ಗಾಜಿಗೆ ಕುದಿನೀರು ಹಾಕಬೇಡಿ, ಬಿಸಿ ಗಾಜನ್ನು ಒದ್ದೆ ಕಟ್ಟೆಯ ಮೇಲೆ ಇಡಬೇಡಿ. ಒಡೆದರೆ ಚೂರನ್ನು ಬರಿಗೈಯಿಂದ ಮುಟ್ಟದೆ ದೊಡ್ಡವರನ್ನು ಕರೆಯಿರಿ. ಹೇಗೆ ಒಡೆಯಿತೆಂದು, ಇದ್ದದ್ದನ್ನು ಇದ್ದಂತೆ, ಅವತ್ತೇ ಹೇಳಿಬಿಡಿ.