ಬಾರದ ಜ್ವರದ ಲೆಕ್ಕ

ಆರೋಗ್ಯಕ್ಕಾಗಿ ಸರ್ಕಾರ ತೆರುವ ಹಣ ಬರಿಯ ವೆಚ್ಚವೋ, ಬಿತ್ತನೆಯೋ? ಮುಂಗಡಪತ್ರ ಮಂಡನೆಯಾದಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುವುದುಂಟು. ಅಣೆಕಟ್ಟು ಕಟ್ಟಿದರೆ ನೀರು ಕಾಣುತ್ತದೆ. ರಸ್ತೆ ಹಾಕಿದರೆ ಬಂಡಿ ಓಡುತ್ತದೆ. ಬಾರದೆ ಹೋದ ಜ್ವರವನ್ನು ಯಾರಿಗೆ ತಾನೆ ತೋರಿಸಲಾದೀತು?

ನಮ್ಮ ಹಿರಿಯರ ಮನೆ ಶಿರಸಿಯ ಸೀಮೆಯದು. ನಾಟಿಯ ಕಾಲಕ್ಕೂ ಚಳಿಜ್ವರಕ್ಕೂ ಅಲ್ಲಿ ಹಳೆಯ ನೆಂಟಸ್ತಿಕೆಯೆಂದು ಅಜ್ಜಿ ಹೇಳುತ್ತಿದ್ದರು. ಗದ್ದೆ ಹದವಾಗಿರುವಾಗಲೇ ಆಳುಗಳು ಕಂಬಳಿ ಹೊದ್ದು ನಡುಗುತ್ತ ಮಲಗುವರು; ಎದ್ದವರಿಗೂ ಹೊಟ್ಟೆಯಲ್ಲಿ ಜ್ವರಗಡ್ಡೆ, ತೋಳಿನಲ್ಲಿ ತ್ರಾಣವಿಲ್ಲ. ಭೂಮಿಯಿತ್ತು, ಮಳೆಯಿತ್ತು, ಬೀಜವಿತ್ತು. ದುಡಿಯುವ ಮೈ ಮಾತ್ರ ಇರಲಿಲ್ಲ. ಅರ್ಥಶಾಸ್ತ್ರಜ್ಞರು ಉತ್ಪತ್ತಿಯ ಕುಸಿತವೆನ್ನುವುದನ್ನು ಅಜ್ಜಿ ಬರಿದಾದ ಕಣಜದಲ್ಲಿ ಕಂಡಿದ್ದರು.

1946ರ ಸುಮಾರಿಗೆ ಆಗಿನ ಮುಂಬಯಿ ಸರ್ಕಾರವು ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಉತ್ತರ ಕನ್ನಡ, ಧಾರವಾಡ ಜಿಲ್ಲೆಗಳ ಮನೆಗಳಿಗೆ ಡಿ.ಡಿ.ಟಿ. ಸಿಂಪಡಿಸತೊಡಗಿತು. 1953ರಲ್ಲಿ ಮಲೇರಿಯಾ ನಿಯಂತ್ರಣ ರಾಷ್ಟ್ರೀಯ ಕಾರ್ಯಕ್ರಮವಾಯಿತು. ಸ್ವಾತಂತ್ರ್ಯ ಬಂದ ಕಾಲಕ್ಕೆ ವರ್ಷಕ್ಕೆ ಸುಮಾರು 7.5 ಕೋಟಿ ಜನರನ್ನು ಪೀಡಿಸಿ, 8 ಲಕ್ಷ ಜನರನ್ನು ಬಲಿಗೊಳ್ಳುತ್ತಿತ್ತೆಂದು ಅಂದಾಜಿಸಲಾದ ಈ ರೋಗ, 1965ರ ವೇಳೆಗೆ ಸುಮಾರು 1 ಲಕ್ಷ ಪ್ರಕರಣಗಳಿಗೆ ಇಳಿಯಿತು.

ಇಂತಹ ವೆಚ್ಚದ ಫಲ ಅದೇ ವರ್ಷದ ಲೆಕ್ಕದಲ್ಲಿ ದೊರೆಯತಕ್ಕದ್ದಲ್ಲ. ಮೊದಲು ಮಲಗಿದ್ದವನು ಕೆಲಸಕ್ಕೆ ಬರುತ್ತಾನೆ. ಅನಂತರ ಪಾಳುಬಿದ್ದ ಗದ್ದೆ ಸಾಗುವಳಿಗೆ ಬರುತ್ತದೆ. ಜ್ವರಕ್ಕೆ ಸಿಕ್ಕದೆ ಬೆಳೆದ ಕೂಸು ಇಪ್ಪತ್ತು ವರ್ಷಗಳ ಮೇಲೆ ಗಟ್ಟಿಮೈಯಿಂದ ದುಡಿಮೆಗೆ ಇಳಿಯುತ್ತದೆ. ಈ ನಡುವೆ ಉಳಿದ ಜೀವಗಳಿಗೆಲ್ಲ ಅನ್ನವೂ ಬೇಕಷ್ಟೆ. ಆದಕಾರಣ ತಲಾ ಆದಾಯ ಒಮ್ಮೆಲೇ ಏರುವುದಿಲ್ಲ. ಅವಸರದ ಲೆಕ್ಕಿಗನಿಗೆ ಇದು ನಷ್ಟದಂತೆಯೇ ತೋರೀತು.

ಫಲ ನಿಧಾನ, ಮರೆವು ಮಾತ್ರ ಬೇಗ. ರೋಗ ಅಡಗಿತೆಂದು ಕಾವಲು ಸಡಿಲಿತು, ಹಣವೂ ಸಾಮಗ್ರಿಯೂ ಸಾಲದಾದುವು, ಸೊಳ್ಳೆಗಳು ಡಿ.ಡಿ.ಟಿ.ಗೆ ಜಗ್ಗದಾದುವು. 1976ರಲ್ಲಿ 64 ಲಕ್ಷ ಪ್ರಕರಣಗಳು ದಾಖಲಾದುವು. ಮಿಗಿಸಿದ ಕಾಸಿಗೆ ಬಡ್ಡಿ ತೆತ್ತವನು, ದಿನಗೂಲಿ ತಪ್ಪಿಸಿಕೊಂಡು ಮಲಗಿದ ಬಡವ.

2017ರ ರಾಷ್ಟ್ರೀಯ ಆರೋಗ್ಯ ನೀತಿಯು, ಸರ್ಕಾರಗಳ ಆರೋಗ್ಯವೆಚ್ಚ 2025ರೊಳಗೆ ದೇಶದ ಒಟ್ಟು ಉತ್ಪನ್ನದ ನೂರಕ್ಕೆ 2.5ರಷ್ಟಾಗಬೇಕೆಂದು ಗೊತ್ತುಮಾಡಿತು. ಗುರಿ ಒಳ್ಳೆಯದೇ. ಆದರೆ ಒಂದು ವರ್ಷ ಸುರಿದು ಮರುವರ್ಷ ಕೈ ಬಿಗಿಹಿಡಿದರೆ ಅದು ಸಾರ್ಥಕವಾಗದು. ಅಡಿಕೆಯ ಸಸಿ ನೆಟ್ಟವನು ಮರುವರ್ಷವೇ ಕೊನೆ ಕೊಯ್ಯಲು ಹೊರಡುವುದಿಲ್ಲ. ಫಲ ಕಾಣಲಿಲ್ಲವೆಂದು ನೀರು ನಿಲ್ಲಿಸುವುದೂ ಇಲ್ಲ.