ಜೋಡಿ ತಪ್ಪಿಸಿ ಕಟ್ಟಿದ ಕುಸ್ತಿ

ಜಿಲ್ಲೆಯಲ್ಲಿ ಸ್ಟ್ರಿಂಗರ್‌ಗಳಾಗಿರುವ ನಮಗೆ ಬರೆಯುವುದಕ್ಕಿಂತ ಕಾಯುವ ಕೆಲಸವೇ ಜಾಸ್ತಿ. ಹನ್ನೊಂದಕ್ಕೆ ಎಂದ ಸಚಿವರ ಪ್ರೆಸ್‌ಮೀಟ್ ಎರಡಕ್ಕೆ ಶುರುವಾಗುತ್ತದೆ. ಅಲ್ಲಿಯವರೆಗೆ ಪ್ರವಾಸಿ ಮಂದಿರದ ಮರದಡಿ ಕೂತು ಫೋನಿನಲ್ಲಿ ಹೊಡೆದಾಡುವುದು ನಮ್ಮಲ್ಲಿ ಹಲವರ ಚಟ. ಹಾಗಾಗಿ ಫೈಟಿಂಗ್ ಗೇಮ್ ಎಂದ ಕೂಡಲೇ ಮೂಗು ಮುರಿಯುವ ಜಾತಿ ನಮ್ಮದಲ್ಲ. ಆಟ ಚೆನ್ನಾಗಿಯೇ ಇರುತ್ತದೆ. ತಕರಾರು ಅದರ ಲೆಕ್ಕದ ಮೇಲೆ.

2014ರಲ್ಲಿ ಮೊಬೈಲಿಗೆ ಬಂದ ‘ಶ್ಯಾಡೋ ಫೈಟ್ 2’ ಆಡಿದವರಿಗೆ ನೆನಪಿರಬಹುದು. ಡೌನ್‌ಲೋಡ್ ಪುಕ್ಕಟೆ. ಮೊದಮೊದಲ ಎದುರಾಳಿಗಳು ಸಲೀಸಾಗಿ ಬೀಳುತ್ತಾರೆ. ಆಮೇಲೊಬ್ಬ ಬರುತ್ತಾನೆ. ಅವನ ಎರಡೇಟಿಗೆ ನಮ್ಮ ಅರ್ಧ ಜೀವ ಹೋಗುತ್ತದೆ, ನಮ್ಮ ಹತ್ತೇಟಿಗೆ ಅವನು ಅಲ್ಲಾಡುವುದಿಲ್ಲ. ಒಳ್ಳೆಯ ಕತ್ತಿಗೆ ಕಾಯಿನ್ಸ್ ಬೇಕು, ಇನ್ನೂ ಒಳ್ಳೆಯದಕ್ಕೆ ಜೆಮ್ಸ್ ಬೇಕು. ಎನರ್ಜಿ ಮುಗಿದರೆ ಕಾಯಬೇಕು, ಕಾಯಲಾರದವರು ಜೆಮ್ಸ್ ಸುರಿಯಬೇಕು. ಅದೇ ಕಂಪನಿ ಮುಂದೆ ದುಡ್ಡು ಕೊಟ್ಟು ಕೊಳ್ಳುವ ಸ್ಪೆಷಲ್ ಎಡಿಷನ್ ತಂದಾಗ ಅದರಲ್ಲಿ ಎನರ್ಜಿಯ ಕಾಟವೇ ಇರಲಿಲ್ಲ. ಅಂದರೆ ಕಾಯಿಸುವುದು ಆಟಕ್ಕೆ ಬೇಕಿರಲಿಲ್ಲ, ಗಲ್ಲಾಕ್ಕೆ ಬೇಕಿತ್ತು.

ಮೈಸೂರು ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುತ್ತಾರೆ. ಪೈಲ್ವಾನರನ್ನು ಎದುರುಬದುರು ನಿಲ್ಲಿಸಿ, ಮೈಕಟ್ಟು ನೋಡಿ, ಸಮಬಲದವರನ್ನು ಸೇರಿಸುತ್ತಾರೆ. ಫೋನಿನಲ್ಲೂ ಜೋಡಿ ಕಟ್ಟುವವರಿದ್ದಾರೆ, ಆದರೆ ಅವರ ಕಣ್ಣು ನಮ್ಮ ತೋಳಿನ ಮೇಲಿಲ್ಲ, ಜೇಬಿನ ಮೇಲಿದೆ. ಹೀನಾಯವಾಗಿ ಸೋತವನು ಆಟ ಬಿಟ್ಟು ಏಳುತ್ತಾನೆ. ಕೂದಲೆಳೆಯಲ್ಲಿ ಸೋತವನು ‘ಇನ್ನೊಂದು ಸಲ’ ಎನ್ನುತ್ತಾನೆ.

‘ಮಾರ್ವೆಲ್ ಕಾಂಟೆಸ್ಟ್ ಆಫ್ ಚಾಂಪಿಯನ್ಸ್’ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ರೂಪಾಯಿ ಕೊಟ್ಟರೆ ಯೂನಿಟ್ಸ್, ಯೂನಿಟ್ಸ್ ಕೊಟ್ಟರೆ ಕ್ರಿಸ್ಟಲ್. ಅದನ್ನು ಒಡೆದರೆ ಯಾವ ವೀರ ಬರುತ್ತಾನೋ ಅವನವನ ಅದೃಷ್ಟ. ಇಷ್ಟು ಕೈ ದಾಟುವಷ್ಟರಲ್ಲಿ ಎಷ್ಟು ರೂಪಾಯಿ ಹೋಯಿತೆಂಬುದೇ ಮರೆತಿರುತ್ತದೆ. 2017ರ ಮಾರ್ಚ್‌ನ ಅಪ್‌ಡೇಟ್‌ನಲ್ಲಿ ಸ್ಕಾರ್ಲೆಟ್ ವಿಚ್, ಡಾಕ್ಟರ್ ಸ್ಟ್ರೇಂಜ್ ಮುಂತಾದ ಪಾತ್ರಗಳ ಬಲವನ್ನೇ ಇಳಿಸಿದರು. ಸಂತೆಯಲ್ಲಿ ಕೊಂಡ ಎತ್ತನ್ನು ಮಾರಿದವನೇ ರಾತ್ರಿ ಬಂದು ಕುಂಟು ಮಾಡಿದ ಹಾಗೆ. ಆಟಗಾರರು ದುಡ್ಡು ಹಾಕುವುದನ್ನೇ ಬಹಿಷ್ಕರಿಸಿದರು, ಕಂಪನಿ ತಗ್ಗಿತು. ಆ ಒಗ್ಗಟ್ಟು ನಮಗೆ ಇವತ್ತಿಗೂ ಖುಷಿ ಕೊಡುವ ಸುದ್ದಿ.

ಇದೆಲ್ಲ ನಮಗೆ ಸುದ್ದಿಯಾಗಿ ಕಂಡದ್ದು ಬಸ್‌ಸ್ಟ್ಯಾಂಡ್ ಹತ್ತಿರದ ಟೀ ಅಂಗಡಿಯವರು ಬ್ಯಾಂಕ್ ಪಾಸ್‌ಬುಕ್ ಹಿಡಿದು ಬಂದ ಮೇಲೆ. 89, 89, 449, ಮತ್ತೆ 89. ಎರಡು ತಿಂಗಳಲ್ಲಿ ಹನ್ನೊಂದು ಸಾವಿರ ಚಿಲ್ಲರೆ. ಪಿಯುಸಿ ಓದುವ ಮಗ ಅಪ್ಪನ ಫೋನಿನಲ್ಲಿ ಯಾವುದೋ ಫೈಟಿಂಗ್ ಗೇಮಿಗೆ ಹಾಕಿದ್ದು. ಯುಪಿಐ ಪಿನ್ ಅವನಿಗೆ ಗೊತ್ತು. ಅಂಗಡಿಯ ಹಾಲಿನ ದುಡ್ಡು ಕಳಿಸುವವನೇ ಅವನು. 1930ಕ್ಕೆ ಫೋನ್ ಮಾಡಿದರೆ, ಯಾರೂ ಮೋಸ ಮಾಡಿಲ್ಲವಲ್ಲ, ನಿಮ್ಮ ಹುಡುಗನೇ ಕೊಂಡಿದ್ದಾನೆ ಎಂದರಂತೆ.

“ಸಾರ್, ಇದನ್ನ ಪೇಪರ್‌ಗೆ ಹಾಕಿ” ಅಂದರು. ನಾವು ಡೆಸ್ಕಿಗೆ ಹೇಳಿದೆವು. ಅತ್ತಲಿಂದ ಬಂದ ಪ್ರಶ್ನೆ ಒಂದೇ: “ಹುಡುಗ ಏನಾದ್ರೂ ಮಾಡ್ಕೊಂಡ್ನಾ?” ಇಲ್ಲ ಎಂದೆವು. ಸುದ್ದಿ ಅಲ್ಲಿಗೆ ಮುಗಿಯಿತು.

ಕಾನೂನಿನ ಪ್ರಶ್ನೆಯೂ ಹೆಚ್ಚು ಕಡಿಮೆ ಅಂಥದ್ದೇ. ನಮ್ಮ ರಾಜ್ಯ 2021ರಲ್ಲಿ ಆನ್‌ಲೈನ್ ಜೂಜಿನ ಮೇಲೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದು ಮಾಡಿತು. 2025ರ ಕೇಂದ್ರ ಕಾಯ್ದೆ ನಿಷೇಧಿಸಿದ್ದು, ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಸೆ ಹುಟ್ಟಿಸುವ ಆಟಗಳನ್ನು. ಇಲ್ಲಿ ಗೆದ್ದರೂ ನಯಾಪೈಸೆ ವಾಪಸ್ ಬರುವುದಿಲ್ಲ, ಆದ್ದರಿಂದ ಜೂಜಲ್ಲ! ಬೆಲ್ಜಿಯಂ ಮಾತ್ರ 2018ರಲ್ಲೇ, ಒಳಗೇನಿದೆಯೆಂದು ತಿಳಿಯದ ಪೆಟ್ಟಿಗೆಯನ್ನು ದುಡ್ಡಿಗೆ ಮಾರುವುದು ಜೂಜೇ ಎಂದಿತು. ಕನಿಷ್ಠ ಯಾವ ವೀರ ಬರುವ ಸಂಭವ ಶೇಕಡ ಎಷ್ಟೆಂದು ಕನ್ನಡದಲ್ಲಿ, ರೂಪಾಯಿ ಲೆಕ್ಕದ ಪಕ್ಕದಲ್ಲೇ ಬರೆಯಲಿ ಎಂಬುದು ನಮ್ಮ ಬೇಡಿಕೆ. ಆ್ಯಪಲ್ ಅಂಥ ನಿಯಮವನ್ನು 2017ರ ಕೊನೆಗೇ ತಂದಿದೆ, ಆದರೆ ಆ ಅಂಕಿ ಇರುವ ಪುಟವನ್ನು ಹುಡುಕಿ ಇಂಗ್ಲಿಷಿನಲ್ಲಿ ಓದುವವರು ಯಾರು?

ಹುಡುಗ ಮೊನ್ನೆ ಅಂಗಡಿಯಲ್ಲಿ ಲೋಟ ತೊಳೆಯುತ್ತಿದ್ದ. ಅಷ್ಟೆಲ್ಲ ಹಾಕಿದೆಯಲ್ಲ, ಆ ಕೊನೆಯವನನ್ನು ಹೊಡೆದೆಯಾ ಎಂದು ಕೇಳಿದೆವು.

“ಇನ್ನೊಂಚೂರು ಇತ್ತಣ್ಣ, ಅಷ್ಟರಲ್ಲಿ ಅಪ್ಪ ಫೋನ್ ಕಿತ್ಕೊಂಡ್ರು” ಅಂದ.